ಕರಾವಳಿಯ ತುಂಡು ಜಮೀನಿನಲ್ಲಿ ಬೇಸಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದಲ್ಲಿ ಅರ್ಧ ಎಕರೆ, ಒಂದು ಎಕರೆ, ಎರಡು ಎಕರೆ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಪಾಲಿನಲ್ಲಿ ಗದ್ದೆ ಸಿಕ್ಕಿದವರು, ಮುಂಬೈಯಿಂದಲೋ ಬೆಂಗಳೂರಿನಿಂದಲೋ ಊರಿಗೆ ಮರಳಿದವರು, ಅಪ್ಪನ ಕಾಲದ ಬೇಸಾಯವನ್ನು ಬಿಡಲಾಗದೆ ಮುಂದುವರಿಸುತ್ತಿರುವವರು ಕೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಘಟ್ಟದ ಮೇಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಹಾಗಾಗಿ ಇಲ್ಲಿ ಹೇಳಿರುವುದೆಲ್ಲ ಘಟ್ಟದ ಕೆಳಗಿನ ಮಾತು.

ಇಷ್ಟು ಮಳೆ ಬರುವ ಕಡೆ ಬೇಸಾಯದ ಜಮೀನು ಯಾಕೆ ಇಷ್ಟು ಕಡಿಮೆ?

ಜಾಗವೇ ಇಲ್ಲ, ಅದಕ್ಕೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಪಶ್ಚಿಮ ಘಟ್ಟ. ನಡುವಿನ ಪಟ್ಟಿಯೂ ಸಮತಟ್ಟಾಗಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ, ಅದರ ಬುಡದಲ್ಲಿ ಸಣ್ಣ ಕಣಿವೆ, ಮತ್ತೆ ಗುಡ್ಡ. ಗದ್ದೆ ಇರುವುದು ಆ ಕಣಿವೆಗಳಲ್ಲಿ ಮತ್ತು ಹೊಳೆಯ ದಂಡೆಯಲ್ಲಿ ಮಾತ್ರ. ಉತ್ತರ ಕನ್ನಡದಲ್ಲಂತೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ಉಳಿದದ್ದರಲ್ಲಿ ಊರು, ರಸ್ತೆ, ರೈಲು, ಬಂದರು ಎಲ್ಲ ಆಗಬೇಕು.

ಇದರ ಜೊತೆಗೆ ಹಿಡುವಳಿಯೂ ಸಣ್ಣದು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ಕರಾವಳಿಯಲ್ಲಿ ಗೇಣಿ ಪದ್ಧತಿ ತುಂಬಾ ಬಲವಾಗಿದ್ದರಿಂದ ಇಲ್ಲಿ ಅದರ ಪರಿಣಾಮವೂ ದೊಡ್ಡದು. ದುಡಿದವರಿಗೇ ಭೂಮಿ ಸಿಕ್ಕಿದ್ದು ನ್ಯಾಯವಾದದ್ದು. ಆದರೆ ಆಗ ಸಿಕ್ಕಿದ ಎರಡು ಮೂರು ಎಕರೆ ಮುಂದಿನ ತಲೆಮಾರುಗಳಲ್ಲಿ ಪಾಲಾಗುತ್ತಾ ಬಂದು ಈಗ ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು) ಲೆಕ್ಕಕ್ಕೆ ಇಳಿದಿದೆ.

ಮಳೆಯ ವಿಷಯಕ್ಕೆ ಬಂದರೆ, ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಅಂದುಕೊಳ್ಳಿ. ಒಂದು ಎಕರೆ ಮೇಲೆ ಬೀಳುವ ನೀರು ಸುಮಾರು 1 ಕೋಟಿ 40 ಲಕ್ಷ ಲೀಟರ್ ಆಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಕೆಲವೇ ಗಂಟೆಗಳಲ್ಲಿ ತೋಡು (ಸಣ್ಣ ಹಳ್ಳ) ಸೇರಿ, ಹೊಳೆ ಸೇರಿ, ಸಮುದ್ರಕ್ಕೆ ಹೋಗಿಬಿಡುತ್ತದೆ. ಮಾರ್ಚಿನಲ್ಲಿ ಅದೇ ಎಕರೆಗೆ ನೀರಿಲ್ಲ. ಇಲ್ಲಿನ ಬೇಸಾಯದ ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಯಾವ ಬೆಳೆ ಹಾಕಲಿ ಅಂತ ಕೇಳುವ ಮೊದಲು ನನ್ನ ಜಾಗದಲ್ಲಿ ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ ಅಂತ ನೋಡಿಕೊಳ್ಳಿ.

ಬೆಟ್ಟು, ಮಜಲು, ಬೈಲು ಅಂತಾರಲ್ಲ, ಏನು ವ್ಯತ್ಯಾಸ?

ಹಿರಿಯರು ನೀರನ್ನು ನೋಡಿಯೇ ಗದ್ದೆಗೆ ಹೆಸರಿಟ್ಟಿದ್ದಾರೆ. ಎತ್ತರದಲ್ಲಿರುವುದು ಬೆಟ್ಟು. ಮಳೆ ನಿಂತರೆ ನೀರೂ ನಿಂತಿತು, ಹಾಗಾಗಿ ಮಳೆಗಾಲದ ಒಂದೇ ಬೆಳೆ. ನಡುವಿನದು ಮಜಲು. ಇಲ್ಲಿ ತೇವ ಇನ್ನೂ ಸ್ವಲ್ಪ ದಿನ ಇರುತ್ತದೆ, ಎರಡನೇ ಬೆಳೆ ತೆಗೆಯಬಹುದು. ತಗ್ಗಿನಲ್ಲಿ, ತೋಡಿನ ಪಕ್ಕ ಇರುವುದು ಬೈಲು. ಇಲ್ಲಿ ಎರಡು ಬೆಳೆ ಖಚಿತ, ನೀರಿನ ಅನುಕೂಲ ಇದ್ದರೆ ಮೂರು.

ನಿಮ್ಮದು ಯಾವುದು ಅಂತ ತಿಳಿಯಲು ಪಹಣಿ ನೋಡಿದರೆ ಸಾಲದು. ನವೆಂಬರ್ ಕೊನೆಯಲ್ಲಿ ಗದ್ದೆಗೆ ಹೋಗಿ ಹಾರೆಯಿಂದ ಒಂದು ಅಡಿ ಅಗೆಯಿರಿ. ಮಣ್ಣು ಹಿಡಿಯಲ್ಲಿ ಉಂಡೆ ಕಟ್ಟಿದರೆ ಮಜಲು. ಗುಂಡಿಯಲ್ಲಿ ನೀರು ಒಸರಿದರೆ ಬೈಲು. ಪುಡಿಯಾಗಿ ಉದುರಿದರೆ ಬೆಟ್ಟು. ಪಕ್ಕದ ಗದ್ದೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿದರೆ ಇಷ್ಟೂ ಬೇಡ, ಅವರಿಗೆ ಪ್ರತಿ ಗದ್ದೆಯ ಜಾತಕ ಗೊತ್ತಿರುತ್ತದೆ.

ವರ್ಷಕ್ಕೆ ಮೂರು ಭತ್ತ ತೆಗೆಯುತ್ತಿದ್ದರು ಅನ್ನೋದು ನಿಜಾನಾ?

ನಿಜ, ಆದರೆ ಬೈಲಿನಲ್ಲಿ ಮಾತ್ರ. ಮಳೆಗಾಲದ್ದು ಏಣೆಲು, ಕುಂದಾಪುರದ ಕಡೆ ಕಾರ್ತಿ ಅಂತಾರೆ. ಜೂನ್‌ನಲ್ಲಿ ಶುರು, ಅಕ್ಟೋಬರ್ ಹೊತ್ತಿಗೆ ಕೊಯ್ಲು. ಅದು ಮುಗಿದ ಕೂಡಲೇ ಸುಗ್ಗಿ, ಅದರ ಕೊಯ್ಲು ಜನವರಿ, ಫೆಬ್ರವರಿಗೆ. ಆಮೇಲೆ ಬೇಸಿಗೆಯಲ್ಲಿ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಿ ಬೆಳೆಯುವುದು ಕೊಳಕೆ. ಈಗ ಕೊಳಕೆ ತುಂಬಾ ಕಡಿಮೆಯಾಗಿದೆ. ಕಟ್ಟ ಹಾಕಲು ಹತ್ತು ಮನೆಯವರು ಒಟ್ಟಿಗೆ ಸೇರಬೇಕು. ಅದರಲ್ಲಿ ಆರು ಮನೆಯ ಗದ್ದೆ ಹಡಿಲು (ಪಾಳು) ಬಿದ್ದರೆ ಉಳಿದ ನಾಲ್ವರಿಂದ ಆಗುವ ಕೆಲಸವಲ್ಲ ಅದು.

ಯಾವ ತಳಿ ಹಾಕಲಿ?

ಮಳೆಗಾಲಕ್ಕೆ ಕರಾವಳಿಯಲ್ಲಿ ಹೆಚ್ಚು ಜನ ನೆಚ್ಚಿಕೊಂಡಿರುವುದು ಎಂಒ-4. ಕೇರಳದ ಮಂಕೊಂಬು ಕೇಂದ್ರದಿಂದ ಬಂದ ಕೆಂಪಕ್ಕಿ ತಳಿ. ಕುಚ್ಚಲಕ್ಕಿಗೆ ಚೆನ್ನಾಗಿ ಒಗ್ಗುತ್ತದೆ, ಜಡಿಮಳೆ ತಡೆಯುತ್ತದೆ. ಬೇಗ ಕೊಯ್ಲಿಗೆ ಬರಬೇಕು ಅಂದರೆ ಜ್ಯೋತಿ ಇದೆ. ಬಿಳಿ ಅಕ್ಕಿ ಬೇಕಾದವರು ಜಯ ಹಾಕುತ್ತಾರೆ. ನೆರೆ ಬಂದು ಹಲವು ದಿನ ನೀರು ನಿಲ್ಲುವ ಬೈಲುಗಳಿಗಾಗಿಯೇ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಸಹ್ಯಾದ್ರಿ ಪಂಚಮುಖಿ ಅನ್ನುವ ಕೆಂಪಕ್ಕಿ ತಳಿಯನ್ನು ಕೊಟ್ಟಿದೆ. ಪ್ರತಿ ಆಗಸ್ಟಿನಲ್ಲಿ ನೇಜಿ (ಭತ್ತದ ಸಸಿ) ಕೊಳೆತು ಹೋಗುವ ಗದ್ದೆ ನಿಮ್ಮದಾಗಿದ್ದರೆ ಇದನ್ನು ಒಮ್ಮೆ ನೋಡಲೇಬೇಕು.

ಬಯಲುಸೀಮೆಯಲ್ಲಿ ಚೆನ್ನಾಗಿ ಬರುವ ಸಣ್ಣಕ್ಕಿ ತಳಿಯನ್ನು ಆಸೆಪಟ್ಟು ತಂದು ಇಲ್ಲಿನ ಏಣೆಲಿಗೆ ಹಾಕಬೇಡಿ. ಬಿಸಿಲಿಲ್ಲದ ಜುಲೈಯಲ್ಲಿ ಅದಕ್ಕೆ ಬೆಂಕಿರೋಗ ಹತ್ತುವುದು ಜಾಸ್ತಿ.

ಭತ್ತದಲ್ಲಿ ಲಾಭ ಇದೆಯಾ? ನಿಜ ಹೇಳಿ.

ಕೈನಾಟಿ, ಕೈಕೊಯ್ಲು ಎಲ್ಲಕ್ಕೂ ಪೂರ್ತಿ ಕೂಲಿ ಕೊಟ್ಟು ಮಾಡಿದರೆ ಸಣ್ಣ ಗದ್ದೆಯಲ್ಲಿ ಲಾಭ ಉಳಿಯುವುದಿಲ್ಲ. ಯಂತ್ರ ಬಳಸಿದರೆ ಲೆಕ್ಕ ಬದಲಾಗುತ್ತದೆ. ಯಂತ್ರನಾಟಿಗೆ ಚಾಪೆ ನೇಜಿ ಬೇಕು. 14ರಿಂದ 18 ದಿನದ ಎಳೆ ನೇಜಿ ಸಾಕಾಗುತ್ತದೆ, ಬೀಜವೂ ಕಡಿಮೆ ಹಿಡಿಯುತ್ತದೆ. ತೊಂದರೆ ಎಲ್ಲಿ ಅಂದರೆ, ಹತ್ತು ಸೆಂಟ್ಸಿನ ಗದ್ದೆಗೆ ಯಂತ್ರ ಇಳಿಸಿ, ತಿರುಗಿಸಿ, ಅಂಚು ದಾಟಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಕ್ಕಪಕ್ಕದ ನಾಲ್ಕೈದು ಮನೆಯವರು ಒಂದೇ ತಳಿ, ಒಂದೇ ವಾರ ಅಂತ ಮಾತಾಡಿಕೊಂಡರೆ ಬಾಡಿಗೆ ತುಂಬಾ ಉಳಿಯುತ್ತದೆ. ಕೊಯ್ಲಿಗೆ ಬರುವ ಕಟಾವು ಯಂತ್ರ ಟಯರಿನದ್ದಾಗಿದ್ದರೆ ಒದ್ದೆ ಗದ್ದೆಯಲ್ಲಿ ಹೂತುಹೋಗುತ್ತದೆ. ಚೈನಿನದ್ದನ್ನೇ ಕೇಳಿ.

ಮಾರಾಟದಲ್ಲಿ ಇನ್ನೊಂದು ಸಂಕಟ ಇದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆದರೆ ಇಲ್ಲಿ ಕೊಯ್ಲು ಅಕ್ಟೋಬರಿನಲ್ಲೇ ಆಗುತ್ತದೆ. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತರ ಭತ್ತ ಮಿಲ್ಲಿಗೆ ಹೋಗಿ ಆಗಿರುತ್ತದೆ. ಒದ್ದೆ ಭತ್ತವನ್ನು ಅಂಗಳದಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು? ಕರಾವಳಿಯ ಕೊಯ್ಲಿನ ದಿನಕ್ಕೆ ಸರಿಯಾಗಿ ಖರೀದಿ ಶುರುವಾಗಬೇಕು ಅನ್ನುವುದು ಇಲ್ಲಿನ ರೈತರ ನ್ಯಾಯವಾದ ಬೇಡಿಕೆ. ಅಲ್ಲಿಯವರೆಗೆ ಸಾಧ್ಯ ಇದ್ದವರು ಭತ್ತ ಮಾರದೆ ಕುಚ್ಚಲಕ್ಕಿ ಮಾಡಿಸಿ ಅಕ್ಕಿಯನ್ನೇ ಮಾರುವುದು ಒಳ್ಳೆಯದು. ಹುಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯಲ್ಲಿ ದನ ಇದ್ದರೆ ಅರ್ಧ ಲಾಭ ಹುಲ್ಲಿನಲ್ಲೇ ಇದೆ.

ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಹಾಕಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಡಿಕೆಗೆ ಬೆಲೆ ಇದೆ, ಭತ್ತಕ್ಕೆ ಇಲ್ಲ, ಹಾಗಾಗಿ ಕೇಳುವವರನ್ನು ತಪ್ಪು ಅನ್ನಲು ಆಗುವುದಿಲ್ಲ. ಆದರೂ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಹೇಳುತ್ತೇನೆ.

ಮೊದಲನೆಯದು ಬೇಸಿಗೆಯ ನೀರು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರಿನ ಹತ್ತಿರ, ಅದೂ ಡಿಸೆಂಬರಿನಿಂದ ಮೇವರೆಗೆ. ಏಣೆಲು ಭತ್ತ ಮಳೆ ನೀರಿನಲ್ಲೇ ಬೆಳೆದು ಮುಗಿಯುತ್ತದೆ. ಅಡಿಕೆ ಮಾತ್ರ ಊರಿನ ಬಾವಿಗಳೆಲ್ಲ ಇಳಿಯುವ ಹೊತ್ತಿಗೇ ನೀರು ಕೇಳುತ್ತದೆ.

ಎರಡನೆಯದು ಗದ್ದೆಯಿಂದ ಊರಿಗೆ ಆಗುವ ಕೆಲಸ. ಒಂದು ಎಕರೆ ಗದ್ದೆಯಲ್ಲಿ ಎರಡು ಇಂಚು ನೀರು ನಿಂತರೆ ಎರಡು ಲಕ್ಷ ಲೀಟರ್. ಮಳೆಗಾಲ ಪೂರ್ತಿ ಅಷ್ಟು ನೀರು ನಿಂತು, ಸ್ವಲ್ಪ ಸ್ವಲ್ಪವೇ ಇಂಗಿ, ಸುತ್ತಲಿನ ಬಾವಿಗಳಿಗೆ ಹೋಗುತ್ತದೆ. ಗದ್ದೆಗೆ ಮಣ್ಣು ತುಂಬಿ, ನೀರು ಬಸಿಯಲು ಆಳದ ಕಣಿ ತೋಡಿದರೆ ಆ ನೀರು ನೇರ ತೋಡಿಗೆ ಹೋಗುತ್ತದೆ. ನಾಲ್ಕು ವರ್ಷ ಬಿಟ್ಟು ಬಾವಿ ಬತ್ತಿತು ಅಂತ ಬೋರ್‌ವೆಲ್ ಕೊರೆಸುವ ಊರುಗಳಲ್ಲಿ ಬೈಲಿನ ಗತಿ ಏನಾಗಿದೆ ಅಂತ ಒಮ್ಮೆ ನೋಡಿ.

ಮೂರನೆಯದು ನೆರೆಮನೆ. ಬೈಲಿನ ನಡುವೆ ಒಬ್ಬರು ಎತ್ತರಿಸಿದರೆ ಮೇಲಿನವರ ಗದ್ದೆಯಲ್ಲಿ ನೀರು ಕಟ್ಟಿಕೊಳ್ಳುತ್ತದೆ, ಕೆಳಗಿನವರಿಗೆ ನೀರಿನ ದಾರಿ ತಪ್ಪುತ್ತದೆ. ಆಮೇಲೆ ಅವರೂ ಭತ್ತ ಬಿಡುತ್ತಾರೆ.

ಅಡಿಕೆ ಬೇಕೇ ಬೇಕು ಅಂದರೆ ಗುಡ್ಡದ ಬುಡದ, ನೀರು ಬಸಿದು ಹೋಗುವ ಜಾಗಕ್ಕೆ ಹಾಕಿ. ಬೈಲನ್ನು ಬೈಲಾಗಿ ಇರಲು ಬಿಡಿ. ಇನ್ನು ಗದ್ದೆಯಲ್ಲಿ ಮನೆ ಕಟ್ಟುವುದಾದರೆ 1964ರ ಭೂಕಂದಾಯ ಕಾಯ್ದೆಯಂತೆ ಭೂ ಪರಿವರ್ತನೆ ಆಗಬೇಕು. ಮಣ್ಣು ತುಂಬಿಸಿದ ಮೇಲೆ ಅರ್ಜಿ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ಮಾರ್ಚ್ ಬಂದರೆ ಬಾವಿ ನೀರು ಉಪ್ಪಾಗುತ್ತದೆ. ಏನು ಮಾಡಲಿ?

ಸಮುದ್ರದ ಹತ್ತಿರ ನೆಲದೊಳಗೆ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಾ ಇರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ಇದ್ದರೆ, ಅದರ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿ ನೀರು ಇರುತ್ತದೆ ಅನ್ನುವುದು ಲೆಕ್ಕ. ಇದನ್ನೇ ತಿರುಗಿಸಿ ನೋಡಿ. ನೀವು ಪಂಪ್ ಹಾಕಿ ಒಂದು ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪು ನೀರು 40 ಅಡಿ ಮೇಲೇರಲು ದಾರಿಯಾಗುತ್ತದೆ. ನೀರು ಉಪ್ಪಾಯಿತು ಅಂತ ಬಾವಿಯನ್ನು ಇನ್ನೂ ಆಳ ಮಾಡುವುದು ಅದಕ್ಕೇ ಕೆಲಸಕ್ಕೆ ಬರುವುದಿಲ್ಲ. ಬೋರ್ ಕೊರೆಸಿದರಂತೂ ಉಪ್ಪನ್ನು ಕೈಯಾರೆ ಕರೆದಂತೆ.

ಮಾಡಬೇಕಾದದ್ದು ಬೇರೆ. ಪಂಪನ್ನು ಒಂದೇ ಸಮನೆ ನಾಲ್ಕು ಗಂಟೆ ಓಡಿಸಬೇಡಿ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬಾವಿ ತುಂಬಲು ಬಿಡಿ. ಸಣ್ಣ ಪಂಪ್ ಸಾಕು. ಮಳೆಗಾಲದಲ್ಲಿ ಮಾಡಿನ (ಛಾವಣಿಯ) ನೀರನ್ನು ಸೋಸಿ ಬಾವಿಗೋ ಅದರ ಪಕ್ಕದ ಇಂಗುಗುಂಡಿಗೋ ಬಿಡಿ. ಮರದ ಬುಡಕ್ಕೆ ಹೊದಿಕೆ ಹಾಕಿ. ತೆಂಗು ಸ್ವಲ್ಪ ಉಪ್ಪನ್ನು ತಡೆಯುತ್ತದೆ, ಅಡಿಕೆ ಮತ್ತು ಬಾಳೆ ತಡೆಯುವುದಿಲ್ಲ. ಎಲೆಯ ಅಂಚು ಸುಟ್ಟ ಹಾಗೆ ಒಣಗುತ್ತಾ ಬಂದರೆ ಅದು ಉಪ್ಪಿನ ಗುರುತು.

ಇಡೀ ಊರಿನ ಬಾವಿಗಳು ಉಪ್ಪಾಗುತ್ತಿದ್ದರೆ ಒಬ್ಬರಿಂದ ಆಗುವ ಕೆಲಸವಲ್ಲ. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಉಬ್ಬರದ ನೀರು ಕಿಲೋಮೀಟರ್‌ಗಟ್ಟಲೆ ಒಳಗೆ ಬರುತ್ತದೆ. ಅದನ್ನು ತಡೆಯಲೆಂದೇ ಕಿಂಡಿ ಅಣೆಕಟ್ಟು ಇರುವುದು. ಅದರ ಜೀವ ಕಿಂಡಿ ಮುಚ್ಚುವ ಹಲಗೆಯಲ್ಲಿದೆ. ಮಳೆ ಮುಗಿದು ಹರಿವು ಇಳಿಯುತ್ತಿದ್ದಂತೆ, ಸಿಹಿ ನೀರು ಇನ್ನೂ ಇರುವಾಗಲೇ ಹಲಗೆ ಹಾಕಬೇಕು. ತಡವಾಗಿ ಹಾಕಿದರೆ ಉಪ್ಪು ನೀರನ್ನೇ ಒಳಗೆ ಕೂಡಿಹಾಕಿದ ಹಾಗಾಗುತ್ತದೆ. ಹಲಗೆ ಯಾರ ಮನೆಯಲ್ಲಿದೆ, ಯಾವ ವಾರ ಹಾಕುತ್ತೀರಿ ಅಂತ ಗ್ರಾಮಸಭೆಯಲ್ಲಿ ಅಕ್ಟೋಬರಿನಲ್ಲೇ ಕೇಳಿ.

ಗದ್ದೆಯೊಳಗೇ ಉಪ್ಪು ನೀರು ನುಗ್ಗುತ್ತದೆ. ಅಲ್ಲಿ ಏನಾದರೂ ಬೆಳೆಯಬಹುದಾ?

ಬೆಳೆಯಬಹುದು, ಅದಕ್ಕೆ ನಮ್ಮಲ್ಲೇ ಒಂದು ದೊಡ್ಡ ಪರಂಪರೆ ಇದೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಮಾಣಿಕಟ್ಟಾದ ಕಡೆ ಈಗಲೂ ನೋಡಬಹುದು.

ಅದರ ಕ್ರಮ ಹೀಗಿದೆ. ಗದ್ದೆಗಳ ಸುತ್ತ ಒಡ್ಡು, ಒಡ್ಡಿನಲ್ಲಿ ನೀರು ಬಿಡುವ ಬಾಗಿಲು. ಜೂನ್‌ನ ಜೋರು ಮಳೆ ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಇಳಿತದ ಹೊತ್ತಿಗೆ ಬಾಗಿಲು ತೆರೆದು ಆ ನೀರನ್ನು ಹೊರಗೆ ಬಿಡುತ್ತಾರೆ. ಉಪ್ಪು ಇಳಿದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಹೊಳೆ ತರುವ ಮೆಕ್ಕಲು ಮಣ್ಣೇ ಸಾಕು. ಪೈರು ಎತ್ತರಕ್ಕೆ ಬೆಳೆಯುವುದರಿಂದ ನೆರೆ ಬಂದರೂ ತಲೆ ಮೇಲಿರುತ್ತದೆ. ಕಾಳಿನ ತುದಿಯಲ್ಲಿ ಮೀಸೆ ಇರುವುದರಿಂದ ಹಕ್ಕಿಗಳ ಕಾಟವೂ ಕಡಿಮೆ. ಮಳೆ ಮುಗಿದು ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಜೊತೆಗೆ ಮೀನು, ಸಿಗಡಿ ಬರುತ್ತವೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವುಗಳಿಗೆ ಆಹಾರವಾಗುತ್ತದೆ. ಮೀನಿನ ಕಸ ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರವಾಗುತ್ತದೆ. ಕೇರಳದ ಪೊಕ್ಕಾಳಿ, ಗೋವಾದ ಖಾಜಣ ಕೂಡ ಇದೇ ಕುಟುಂಬಕ್ಕೆ ಸೇರಿದವು.

ಇಳುವರಿ ಕಡಿಮೆ ಅನ್ನುವುದು ನಿಜ. ಆದರೆ ಖರ್ಚೂ ಕಡಿಮೆ, ಮೀನಿನ ಆದಾಯ ಬೇರೆ. ಇದಕ್ಕೆ ಪೆಟ್ಟು ಬಿದ್ದದ್ದು ಸಿಗಡಿ ಕೃಷಿಯ ಭರಾಟೆಯಲ್ಲಿ. ವರ್ಷಪೂರ್ತಿ ಉಪ್ಪು ನೀರು ನಿಲ್ಲಿಸಿ ಸಿಗಡಿ ಸಾಕಿದ ಗದ್ದೆಗೆ ಭತ್ತ ಮರಳಿ ಬರುವುದು ಕಷ್ಟ. 1990ರ ದಶಕದಲ್ಲಿ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ತೆಗೆಯಲು ಹೇಳಿ, ಹಳೆಯ ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಜಾಗ ಸಿಕ್ಕಿದೆ. ಅಳಿವೆ ಉಳಿಯಬೇಕಾದರೆ ಕಗ್ಗ ಬೆಳೆಯುವವರೂ ಉಳಿಯಬೇಕು. ಒಡ್ಡು ಒಡೆದರೆ ಒಂದು ಮನೆಯ ಗದ್ದೆಯಲ್ಲ, ಇಡೀ ಗಜನಿಗೆ ಉಪ್ಪು. ಅದಕ್ಕೆ ಒಡ್ಡಿನ ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿಯಬೇಡಿ. ತೆರೆಯ ಹೊಡೆತವನ್ನು ಮೊದಲು ತಿನ್ನುವುದು ಅವೇ.

ಬರೀ ಮರಳು ಮಣ್ಣು. ಏನು ಬರುತ್ತದೆ?

ತರಕಾರಿ, ಶೇಂಗಾ, ಕಲ್ಲಂಗಡಿ, ಈರುಳ್ಳಿ. ಬೈಂದೂರು, ಕುಂದಾಪುರದ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ ಮತ್ತು ಕಲ್ಲಂಗಡಿ ಹಾಕುತ್ತಾರೆ. ಕುಮಟಾದ ಅಳ್ವೆಕೋಡಿಯ ಸಿಹಿ ಈರುಳ್ಳಿಯನ್ನು ಹೆದ್ದಾರಿ ಪಕ್ಕ ಜಡೆ ಕಟ್ಟಿ ನೇತುಹಾಕಿ ಮಾರುವುದನ್ನು ನೀವೂ ನೋಡಿರಬಹುದು. ಗೋಕರ್ಣದ ಸುತ್ತ ಹಾಲಕ್ಕಿ ಒಕ್ಕಲಿಗರು ಮರಳಿನಲ್ಲಿ ಸೊಪ್ಪು, ತರಕಾರಿ ಬೆಳೆಯುವುದನ್ನು ನೋಡಿದರೆ ಮಣ್ಣು ಸರಿಯಿಲ್ಲ ಅನ್ನುವ ಮಾತೇ ಬರುವುದಿಲ್ಲ.

ಮರಳಿನ ತೊಂದರೆ ಎಂದರೆ ನೀರು, ಗೊಬ್ಬರ ಎರಡೂ ನಿಲ್ಲುವುದಿಲ್ಲ. ಹಾಗಾಗಿ ಗೊಬ್ಬರವನ್ನು ಒಂದೇ ಸಲ ಸುರಿಯದೆ ನಾಲ್ಕು ಸಲಕ್ಕೆ ಹಂಚಿ ಕೊಡಿ. ನೀರೂ ಹಾಗೇ, ದಿನಾ ಸ್ವಲ್ಪ. ತೆಂಗಿನ ಬುಡದಲ್ಲಿ ಸಿಪ್ಪೆ ಹೂಳುವುದು ಮರಳಿಗೆ ಹೇಳಿ ಮಾಡಿಸಿದ ಉಪಾಯ. ಅದು ತೇವ ಹಿಡಿದಿಡುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ.

ಭತ್ತ ಕೊಯ್ದ ಮೇಲೆ ಗದ್ದೆ ಸುಮ್ನೆ ಬಿದ್ದಿರುತ್ತದೆ...

ಮಜಲು ಗದ್ದೆಯಾಗಿದ್ದರೆ ಉದ್ದು ಹಾಕಿ. 75ರಿಂದ 80 ದಿನದ ಬೆಳೆ, ಗದ್ದೆಯಲ್ಲಿ ಉಳಿದ ತೇವದಲ್ಲೇ ಬಂದುಬಿಡುತ್ತದೆ. ಕೊಯ್ಲಾಗಿ ಎರಡು ವಾರ ತಡ ಮಾಡಿದರೆ ತೇವ ಹೋಯಿತು, ಇದರಲ್ಲಿ ಗುಟ್ಟು ಅಷ್ಟೇ. ಹೆಸರು, ಅಲಸಂಡೆ, ಹುರುಳಿ ಕೂಡ ಆಗುತ್ತದೆ. ಬೇಳೆ ಬೆಳೆದ ಗದ್ದೆಯಲ್ಲಿ ಮುಂದಿನ ಭತ್ತಕ್ಕೆ ಯೂರಿಯಾ ಕಡಿಮೆ ಸಾಕಾಗುತ್ತದೆ.

ನಮ್ಮ ಮಣ್ಣು ಹುಳಿ ಅಂತ ಪರೀಕ್ಷೆಯಲ್ಲಿ ಬಂದಿದೆ. ಹೆದರಬೇಕಾ?

ಬೇಡ. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗುವುದು ಸಹಜ. ಪರೀಕ್ಷೆಯ ವರದಿಯಲ್ಲಿ ಹೇಳಿದಷ್ಟು ಕೃಷಿ ಸುಣ್ಣ ಹಾಕಿ. ಗೊಬ್ಬರ ಹಾಕುವ ಎರಡು ಮೂರು ವಾರ ಮೊದಲೇ ಹಾಕಬೇಕು. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಬೈಲು ಗದ್ದೆಯ ನೀರಿನ ಮೇಲೆ ಕೆಂಪು, ಎಣ್ಣೆಯಂತಹ ಕೆನೆ ಕಾಣಿಸಿದರೆ ಕಬ್ಬಿಣದ ಅಂಶ ಜಾಸ್ತಿ ಅಂತ ಅರ್ಥ. ಆಗ ನೀರನ್ನು ಒಮ್ಮೆ ಬಸಿದು ಗದ್ದೆಗೆ ಗಾಳಿ ಆಡಲು ಬಿಡಿ.

ಅಡಿಕೆಗೆ ಕೊಳೆರೋಗ ಪ್ರತಿ ವರ್ಷ ಬರುತ್ತದೆ. ಬೋರ್ಡೋ ಹೊಡೆದರೂ ನಿಲ್ಲುವುದಿಲ್ಲ.

ಹೊಡೆಯುವ ದಿನ ತಪ್ಪಿರಬಹುದು, ಇಲ್ಲವೇ ದ್ರಾವಣ ತಪ್ಪಿರಬಹುದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಒಂದು ಚೂರಿಯನ್ನು ಅದರಲ್ಲಿ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಣ್ಣ ಕುಳಿತರೆ ಸುಣ್ಣ ಸಾಲದು, ಇನ್ನೂ ಸ್ವಲ್ಪ ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೇ ಸಲ 40, 45 ದಿನ ಬಿಟ್ಟು. ಮಳೆ ಎಡೆಬಿಡದೆ ಸುರಿದರೆ ಮೂರನೆಯದೂ ಬೇಕಾಗುತ್ತದೆ. ಉದುರಿದ ಕಾಯಿಗಳನ್ನು ತೋಟದಲ್ಲೇ ಬಿಟ್ಟರೆ ಎಷ್ಟು ಹೊಡೆದರೂ ಪ್ರಯೋಜನ ಇಲ್ಲ. ಮರ ಹತ್ತುವವರು ಸಿಗದ ಕಡೆ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದಿದೆ. ದುಬಾರಿ, ಆದರೆ ಮರದಿಂದ ಬೀಳುವ ಅಪಾಯ ಇಲ್ಲ. ನಾಲ್ಕು ಮನೆಯವರು ಸೇರಿ ಒಂದು ತೆಗೆದುಕೊಳ್ಳಿ.

ತೆಂಗಿನ ಮರಗಳ ನಡುವೆ ಜಾಗ ಖಾಲಿ ಇದೆ.

7.5 ಮೀಟರ್ ಅಂತರದ ತೋಟದಲ್ಲಿ ಎಕರೆಗೆ 70 ಮರ. ಮರಗಳಿಗೆ 20 ವರ್ಷ ದಾಟಿದ್ದರೆ ಕೆಳಗೆ ಸಾಕಷ್ಟು ಬೆಳಕು ಬೀಳುತ್ತದೆ. ಕೊಕ್ಕೋ, ಬಾಳೆ, ಅನಾನಸು, ಸುವರ್ಣಗೆಡ್ಡೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು ಎಲ್ಲ ಆಗುತ್ತದೆ. ಕೊಕ್ಕೋ ಮಾರಲು ಇಲ್ಲಿ ತೊಂದರೆ ಇಲ್ಲ. 1973ರಲ್ಲಿ ಶುರುವಾದ, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಒಂದೇ ಬೆಳೆ ನೆಚ್ಚಿಕೊಂಡ ಸಣ್ಣ ಹಿಡುವಳಿಗಿಂತ ಹೀಗೆ ನಾಲ್ಕು ಬೆಳೆ ಸೇರಿದ್ದು ಗಟ್ಟಿ. ಆದರೆ ಪ್ರತಿ ಬೆಳೆಗೂ ಅದರದ್ದೇ ಗೊಬ್ಬರ ಕೊಡಬೇಕು. ತೆಂಗಿಗೆ ಹಾಕಿದ್ದನ್ನೇ ಎಲ್ಲವೂ ಹಂಚಿಕೊಳ್ಳಲಿ ಅಂದರೆ ತೆಂಗು ಸೊರಗುತ್ತದೆ.

ಬರೀ ಮುರಕಲ್ಲಿನ ಗುಡ್ಡ ಇದೆ. ಉಪಯೋಗ ಇದೆಯಾ?

ಗೇರು ಹಾಕಿ. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದ ಈ ಮರ ಕರಾವಳಿಯ ಗುಡ್ಡಕ್ಕೆ ತವರಿನಷ್ಟೇ ಒಗ್ಗಿಕೊಂಡಿದೆ. ಬೀಜದ ಗಿಡ ಬೇಡ, ಕಸಿ ಗಿಡವೇ ತನ್ನಿ. ವೆಂಗುರ್ಲಾ-4, ವೆಂಗುರ್ಲಾ-7, ಉಳ್ಳಾಲ ತಳಿಗಳು, ಭಾಸ್ಕರ ಎಲ್ಲ ಸಿಗುತ್ತವೆ. ಎರಡು ಗಿಡದ ನಡುವೆ 7ರಿಂದ 8 ಮೀಟರ್ ಬಿಡಿ. ಚಿಗುರು, ಹೂ, ಎಳೆಕಾಯಿ ಈ ಮೂರು ಹಂತದಲ್ಲಿ ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟವನ್ನು ನೋಡಿಕೊಂಡರೆ ಅರ್ಧ ಗೆದ್ದಂತೆ.

ಗುಡ್ಡದಲ್ಲಿ ನೀರೂ ಸಿಗುತ್ತದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. ಮೊದಲು ಕೊರೆದ ಹಲವು ಸುರಂಗ ಬರಿದಾಗಿ ಹೋದರೂ ಬಿಡಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಇದು ಎಲ್ಲ ಗುಡ್ಡದಲ್ಲೂ ಆಗುವುದಿಲ್ಲ, ಮುರಕಲ್ಲಿನ ಪದರ ಸರಿಯಾಗಿ ಇರಬೇಕು. ಇಳಿಜಾರಿಗೆ ಅಡ್ಡವಾಗಿ ಅಗಳು ತೋಡಿ ಮಳೆ ನೀರನ್ನು ಇಂಗಿಸುವುದು ಮಾತ್ರ ಎಲ್ಲರೂ ಮಾಡಬಹುದಾದ ಕೆಲಸ. ಮೇಲೆ ಇಂಗಿದ್ದು ಕೆಳಗಿನ ಬೈಲಿನಲ್ಲಿ ಒಸರುತ್ತದೆ.

ಹತ್ತು ಸೆಂಟ್ಸ್ ಮಾತ್ರ ಇದೆ. ಏನಾದರೂ ಆದಾಯ ಸಿಗುತ್ತದಾ?

ಉಡುಪಿ ಕಡೆ ಇದಕ್ಕೆ ಉತ್ತರ ಮಲ್ಲಿಗೆ. ಶಂಕರಪುರ ಸುತ್ತ ಎಷ್ಟೋ ಮನೆಗಳಲ್ಲಿ ಅಂಗಳದ ಮಲ್ಲಿಗೆ ಗಿಡದಿಂದಲೇ ಮಕ್ಕಳ ಶಾಲೆ, ಮದುವೆ ನಡೆದಿದೆ, ಅದರ ಬಹುಪಾಲು ಶ್ರಮ ಹೆಂಗಸರದ್ದು. ಇಲ್ಲಿ ಹೂವನ್ನು ಎಣಿಸಿಯೇ ಕಟ್ಟುವುದು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಕೊಯ್ದು, ಕಟ್ಟಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ಮಳೆಗಾಲದಲ್ಲಿ ಹೂ ಕಡಿಮೆ, ದರ ದಿನಕ್ಕೊಂದು. ಮನೆಯಲ್ಲಿ ಕಟ್ಟುವ ಕೈ ಇದ್ದರೆ ಮಾತ್ರ ಇಳಿಯಿರಿ.

ತರಕಾರಿಯಲ್ಲಿ ಮಟ್ಟುಗುಳ್ಳದ ಉದಾಹರಣೆ ಇದೆ. ಉಡುಪಿ ಹತ್ತಿರದ ಮಟ್ಟು ಊರಿನ ಈ ಬದನೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಬಂತು. ಆ ಹೆಸರು ಆ ಊರಿನವರದ್ದು, ಬೇರೆಯವರು ಅದನ್ನು ಬಳಸುವ ಹಾಗಿಲ್ಲ. ಆದರೆ ಅದರಿಂದ ಕಲಿಯುವುದು ಇದೆ: ಜಾಗ ಕಡಿಮೆ ಇದ್ದಾಗ ತೂಕಕ್ಕಿಂತ ಹೆಸರು ಮತ್ತು ರುಚಿಗೆ ಬೆಲೆ ಬರುವ ಬೆಳೆ ಒಳ್ಳೆಯದು.

ಒಂದು ಎಚ್ಚರಿಕೆ. ಕರಾವಳಿಯ ಹುಳಿ ಮಣ್ಣಿನಲ್ಲಿ ಬದನೆ, ಟೊಮೆಟೊಗೆ ಸೊರಗು ರೋಗ ವಿಪರೀತ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಬಾಡಿ ನಿಲ್ಲುತ್ತದೆ. ಅರ್ಕಾ ರಕ್ಷಕ್‌ನಂತಹ ರೋಗ ತಡೆಯುವ ಟೊಮೆಟೊ ತಳಿ ಹಾಕಿ, ಬದನೆಗೆ ಸುಂಡೆ ಗಿಡದ ಮೇಲೆ ಕಸಿ ಮಾಡಿದ್ದನ್ನು ತನ್ನಿ.

ಕುಮ್ಕಿ, ಸೊಪ್ಪಿನ ಬೆಟ್ಟ ನಮ್ಮದೇ ಅಲ್ವಾ?

ಅಲ್ಲ. ಎರಡೂ ಸರ್ಕಾರದ ಭೂಮಿ, ನಿಮಗೆ ಇರುವುದು ಸವಲತ್ತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಗ (ಪಟ್ಟಾ) ಜಮೀನಿನಿಂದ 100 ಗಜದೊಳಗಿನ ಕುಮ್ಕಿಯಲ್ಲಿ ಸೊಪ್ಪು, ಕಟ್ಟಿಗೆ ತರಬಹುದು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ಒಂದು ಎಕರೆ ತೋಟ ನಿಲ್ಲಲು ಅಷ್ಟು ಕಾಡಿನ ಸೊಪ್ಪು ಬೇಕು ಅಂತ ಆ ಕಾಲಕ್ಕೇ ಗೊತ್ತಿತ್ತು. ಅದನ್ನು ಬೋಳಿಸಿ ರಬ್ಬರ್ ಹಾಕಿದರೆ ತೋಟಕ್ಕೆ ಗೊಬ್ಬರ ಎಲ್ಲಿಂದ ತರುತ್ತೀರಿ?

ಹಂದಿ, ನವಿಲು, ಮಂಗ...

ಪೂರ್ತಿ ಪರಿಹಾರ ಯಾರ ಹತ್ತಿರವೂ ಇಲ್ಲ. ಒಂಟಿ ಗದ್ದೆಗೆ ಹಾನಿ ಜಾಸ್ತಿ, ಇಡೀ ಬೈಲು ಬೆಳೆದರೆ ಹಂಚಿಹೋಗುತ್ತದೆ. ಹಡಿಲು ಗದ್ದೆಯ ಪೊದೆಯಲ್ಲೇ ಹಂದಿ ಅಡಗುವುದು. ಸೋಲಾರ್ ಬೇಲಿಗೆ ಸಹಾಯಧನ ಇದೆಯಾ ಅಂತ ವಿಚಾರಿಸಿ. ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಅದರಿಂದ ಮನುಷ್ಯರೇ ಸತ್ತಿದ್ದಾರೆ.

ಪಕ್ಕದ ಗದ್ದೆ ಹಡಿಲು ಬಿದ್ದಿದೆ. ನಾನು ಮಾಡುತ್ತೇನೆ ಅಂದರೂ ಕೊಡುವುದಿಲ್ಲ. ಯಾಕೆ?

ಹೆದರಿಕೆ. ಕರ್ನಾಟಕದ ಭೂಸುಧಾರಣೆ ಕಾಯ್ದೆಯಲ್ಲಿ ಸೈನಿಕರು, ನಾವಿಕರಂತಹ ಕೆಲವರನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಕೊಟ್ಟರೆ ಭೂಮಿ ಹೋದೀತು ಅನ್ನುವ ಭಯ 1974ರಿಂದ ಮನೆಮನೆಯಲ್ಲಿ ಉಳಿದಿದೆ. ಅದಕ್ಕೆ ಊರಿನ ಸಂಘ, ದೇವಸ್ಥಾನ ಅಥವಾ ಸ್ವಸಹಾಯ ಗುಂಪನ್ನು ನಡುವೆ ಇಟ್ಟುಕೊಂಡು ಮಾತಾಡಿದರೆ ಮಾಲೀಕರಿಗೆ ಧೈರ್ಯ ಬರುತ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ನೆಡುವ ದೊಡ್ಡ ಆಂದೋಲನವೇ ನಡೆಯಿತು. ಮೊದಲ ವರ್ಷ ಕಳೆ, ಒಡೆದ ಅಂಚು, ಮುಚ್ಚಿದ ತೋಡು ಇದಕ್ಕೇ ಖರ್ಚು ಜಾಸ್ತಿ. ಹಾಗಾಗಿ ಒಂದು ವರ್ಷಕ್ಕೆ ಮಾತಾಡಬೇಡಿ, ಕನಿಷ್ಠ ಮೂರು ವರ್ಷ ಕೇಳಿ.

ಇನ್ನೂ ಅನುಮಾನ ಇದ್ದರೆ ಯಾರನ್ನು ಕೇಳಲಿ?

ಬೀಜ, ಸುಣ್ಣ, ಯಂತ್ರದ ಬಾಡಿಗೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಭತ್ತಕ್ಕೆ ಬ್ರಹ್ಮಾವರದ ಕೇಂದ್ರ. ಅಡಿಕೆ, ಕೊಕ್ಕೋಗೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ, ತೆಂಗಿಗೆ 1916ರಿಂದ ಇರುವ ಕಾಸರಗೋಡಿನ ಅದರ ಮುಖ್ಯ ಕೇಂದ್ರ. ಗೇರಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ. ಉತ್ತರ ಕನ್ನಡದವರಿಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗುವಾಗ ರೋಗ ಬಂದ ಎಲೆ ಅಥವಾ ಕಾಯಿಯನ್ನು ಪೇಪರಿನಲ್ಲಿ ಸುತ್ತಿ ಒಯ್ಯಿರಿ, ಪ್ಲಾಸ್ಟಿಕ್‌ನಲ್ಲಿ ಕೊಳೆತುಬಿಡುತ್ತದೆ. ಮಣ್ಣನ್ನಾದರೆ ಗದ್ದೆಯ ಐದಾರು ಕಡೆಯಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಏಪ್ರಿಲಿನಲ್ಲೇ ಕೊಟ್ಟರೆ ಮಳೆಗೆ ಮುಂಚೆ ವರದಿ ಕೈಗೆ ಸಿಗುತ್ತದೆ.